ಮೊದಲು ಪಂಚಾಂಗ, ಆಮೇಲೆ ಭೂಪಟ

ಡಿಸೆಂಬರ್ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಸೈಕಲ್ ಬಳಗಗಳಲ್ಲಿ ಕರಾವಳಿಯ ಮಾತು ಶುರುವಾಗುತ್ತದೆ. ಮಳೆ ಕಳೆದಿರುತ್ತದೆ, ಬಿಸಿಲು ಇನ್ನೂ ಬಲಿತಿರುವುದಿಲ್ಲ. ಕಡಲಾಮೆಗಳು ಮೊಟ್ಟೆಯಿಡಲು ದಡ ಹತ್ತುವ ಕಾಲ. ಉತ್ತರದಿಂದ ವಲಸೆ ಬಂದ ಹಕ್ಕಿಗಳು ಅಳಿವೆಗಳಲ್ಲಿ ತುಂಬಿರುವ ಕಾಲ. ಹತ್ತಿಪ್ಪತ್ತು ಮಂದಿ ಒಟ್ಟಾಗುತ್ತಾರೆ, ಮೊಬೈಲಿನಲ್ಲಿ ಭೂಪಟ ತೆರೆಯುತ್ತಾರೆ. ಕಾರವಾರದಿಂದ ಹೊನ್ನಾವರಕ್ಕೆ ಎಷ್ಟು ಕಿಲೋಮೀಟರ್, ದಿನಕ್ಕೆ ಎಷ್ಟು ತುಳಿಯಬಹುದು, ಯಾವ ದಡದಲ್ಲಿ ಡೇರೆ ಹಾಕಬಹುದು ಎಂದು ದೂರವನ್ನು ದಿನಗಳಿಂದ ಭಾಗಿಸಿದರೆ ಯೋಜನೆ ಸಿದ್ಧ. ಆಮೆ, ಹಕ್ಕಿಗಳು ಆ ಲೆಕ್ಕದಲ್ಲಿ ಕೊನೆಗೆ ಬರುತ್ತವೆ. ದಾರಿಯಲ್ಲಿ ಸಿಕ್ಕರೆ ನೋಡಿದರಾಯಿತು ಎಂಬಂತೆ. ಈ ಕ್ರಮ ತಲೆಕೆಳಗಾಗಿದೆ. ಕಡಲತೀರದ ಜೀವಿಗಳನ್ನು ನೋಡಲೆಂದೇ ಹೊರಡುವ ಗುಂಪು ಮೊದಲು ತೆರೆಯಬೇಕಾದದ್ದು ಪಂಚಾಂಗವನ್ನು. ಹೊರಡುವ ದಿನ ಯಾವ ತಿಥಿ, ಅಂದು ನೀರು ಏರುವ ಹೊತ್ತು ಯಾವುದು, ಇಳಿಯುವ ಹೊತ್ತು ಯಾವುದು ಎಂದು ತಿಳಿದ ಮೇಲೆ ದಾರಿ, ದೂರ, ತಂಗುದಾಣಗಳು ತೀರ್ಮಾನವಾಗಬೇಕು. ಹೀಗೆ ಮಾಡಿದರೆ ಕಾಣುವುದು ಹೆಚ್ಚು ಎಂಬುದು ನಿಜ. ಅದಕ್ಕಿಂತ ದೊಡ್ಡ ಕಾರಣವೆಂದರೆ, ನೋಡಲು ಹೋದವರೇ ನೋಡಬೇಕಾದದ್ದನ್ನು ಓಡಿಸದಿರಲು ಇದಕ್ಕಿಂತ ನೇರವಾದ ದಾರಿ ಇಲ್ಲ.

ನೀರಿನ ಗಡಿಯಾರ

ಕರಾವಳಿಯ ಮೀನುಗಾರರಿಗೆ ಇದು ಹೊಸ ಮಾತೇನೂ ಅಲ್ಲ. ಬಲೆ ಬಿಡುವುದು, ದೋಣಿ ದಾಟಿಸುವುದು, ಅಳಿವೆಯ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುವುದು, ಉಪ್ಪುನೀರು ಹತ್ತುವ ಗಜನಿ ಗದ್ದೆಯ ತೂಬು ತೆಗೆಯುವುದು ಎಲ್ಲವೂ ನಡೆಯುವುದು ಭರತ ಇಳಿತದ ಲೆಕ್ಕದಲ್ಲೇ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ ಎರಡು ಏರು, ಎರಡು ಇಳಿತ. ದಿನದಿಂದ ದಿನಕ್ಕೆ ಈ ಹೊತ್ತು ಸುಮಾರು 50 ನಿಮಿಷ ಹಿಂದೆ ಬೀಳುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತದ ಅಂತರ ಕುಗ್ಗುತ್ತದೆ. ಉತ್ತರ ಕನ್ನಡದ ತೀರದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ನೀರು ಪೂರ್ತಿ ಏರುವುದು ಹೆಚ್ಚುಕಡಿಮೆ ನಡುಹಗಲು, ನಡುರಾತ್ರಿಯ ಹೊತ್ತಿಗೆ. ಇಳಿದು ನಿಲ್ಲುವುದು ಬೆಳಗಿನ ಜಾವ ಮತ್ತು ಸಂಜೆ. ಅಷ್ಟಮಿಯಂದು ಇದು ತಿರುವುಮುರುವು. ಅಳಿವೆಯಿಂದ ಒಳಗೆ ಹೋದಷ್ಟೂ ಹೊತ್ತು ತುಸು ತಡವಾಗುತ್ತದೆ. ನಿಖರವಾದ ಸಮಯಕ್ಕೆ ಭಾರತೀಯ ಸರ್ವೇಕ್ಷಣ ಇಲಾಖೆ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕಗಳಿವೆ. ಆದರೆ ಯೋಜನೆಯ ಮೊದಲ ಗೆರೆ ಎಳೆಯಲು ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನ ತಿಥಿಯೇ ಸಾಕು.

ಈ ಗಡಿಯಾರಕ್ಕೆ ಹಕ್ಕಿಗಳು ಹೇಗೆ ಒಗ್ಗಿವೆ ಎಂಬುದನ್ನು ಅಘನಾಶಿನಿ ಅಳಿವೆಯಲ್ಲಿ ನೋಡಬೇಕು. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ನದಿ ಇದು. ಅದರ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಾದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ನೀರು ಇಳಿದಾಗ ಇಲ್ಲಿ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಹೊರಗಿನವರ ಕಣ್ಣಿಗೆ ಅದು ಬರೀ ರಾಡಿ. ಚಿಪ್ಪುಜೀವಿ, ಹುಳು, ಸಿಗಡಿ, ಏಡಿಗಳ ಪಾಲಿಗೆ ಮನೆ. ಹಕ್ಕಿಗಳ ಪಾಲಿಗೆ ಊಟದ ಎಲೆ. ಕುಡುಗೋಲಿನಂತೆ ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಕೆಸರಿನ ಆಳದ ಹುಳುವನ್ನು ಎಳೆದು ತೆಗೆಯುತ್ತದೆ. ಹಿಮಾಲಯದಾಚೆಯ ಎತ್ತರದ ಬಯಲುಗಳಲ್ಲಿ ಮರಿ ಮಾಡಿ ಬಂದ ಪುಟ್ಟ ಪ್ಲವರ್‌ಗಳು ಮೇಲ್ಪದರವನ್ನು ಹೆಕ್ಕುತ್ತವೆ. ಲಡಾಖ್, ಟಿಬೆಟ್‌ಗಳ ಸರೋವರಗಳಲ್ಲಿ ಗೂಡು ಕಟ್ಟುವ ಕಂದುತಲೆಯ ಕಡಲಕ್ಕಿಗಳು ನೀರಂಚಿನಲ್ಲಿ ಸಾಲುಗಟ್ಟುತ್ತವೆ. ಇಳಿತದ ಕೆಲವೇ ಗಂಟೆಗಳು ಇವುಗಳ ಊಟದ ಹೊತ್ತು. ನೀರು ಏರಿತೆಂದರೆ ಬಯಲು ಮುಚ್ಚುತ್ತದೆ, ಹಕ್ಕಿಗಳು ಉಪ್ಪಿನಾಗರದ ಬದುಗಳಿಗೋ ದಿಬ್ಬಗಳಿಗೋ ಹೋಗಿ ಗುಂಪಾಗಿ ಕೂರುತ್ತವೆ. ಭೂಪಟ ನೋಡಿ ಬಂದವರಿಗೆ ಅಘನಾಶಿನಿ ಒಂದು ಜಾಗ. ನೀರಿನ ಗಡಿಯಾರ ನೋಡಿ ಬಂದವರಿಗೆ ಅದೇ ಜಾಗ ಆರು ಗಂಟೆಗೊಮ್ಮೆ ಬೇರೆಯಾಗುತ್ತದೆ.

ಹಕ್ಕಿಯ ಊಟದ ಹೊತ್ತಿಗೆ ನಾವು ಕೆಸರಿಗಿಳಿದರೆ ಆಗುವ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಹಿಂಡು ಹಾರುತ್ತದೆ, ಒಂದು ಸುತ್ತು ಹೊಡೆಯುತ್ತದೆ, ಇನ್ನೊಂದೆಡೆ ಇಳಿಯುತ್ತದೆ. ಏನಾಯಿತು ಮಹಾ ಎನ್ನಿಸಬಹುದು. ಆದರೆ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಈ ಹಕ್ಕಿಗಳು ಉತ್ತರಕ್ಕೆ ಮರಳುವ ಸಾವಿರಾರು ಕಿಲೋಮೀಟರ್ ಹಾರಾಟಕ್ಕೆ ಮೈಯಲ್ಲಿ ಕೊಬ್ಬು ಕೂಡಿಸುತ್ತಿರುತ್ತವೆ. ಒಂದೊಂದು ಸಲ ಎದ್ದು ಹಾರಿದಾಗಲೂ ಆ ಕೂಡಿಕೆಯಿಂದ ಒಂದಿಷ್ಟು ಖರ್ಚು, ಜೊತೆಗೆ ಉಣ್ಣುವ ಸಮಯದಿಂದ ಒಂದಿಷ್ಟು ಕಡಿತ. ಒಂದು ಗುಂಪು ಒಮ್ಮೆ ಎಬ್ಬಿಸಿದರೆ ಹಕ್ಕಿ ತಡೆದುಕೊಳ್ಳುತ್ತದೆ. ರಜೆಯ ದಿನ ಹತ್ತು ಗುಂಪು ಎಬ್ಬಿಸಿದರೆ ಲೆಕ್ಕ ಬೇರೆಯಾಗುತ್ತದೆ. ಆದ್ದರಿಂದ ನೀರು ಇಳಿಯುವ ಮೊದಲೇ ದಡದ ಒಂದು ಕಡೆ ಹೋಗಿ ಕೂತು, ಹಕ್ಕಿಗಳು ತಾವಾಗಿ ಹತ್ತಿರ ಬರುವಂತೆ ಬಿಡುವುದು ಒಳ್ಳೆಯ ಕ್ರಮ. ಅದಕ್ಕೆ ಇಳಿತದ ಹೊತ್ತು ಮೊದಲೇ ಗೊತ್ತಿರಬೇಕು.

ಡೇರೆಗೂ ಆಮೆಗೂ ಒಂದೇ ಪಟ್ಟಿ

ಕಡಲಾಮೆಯ ವಿಷಯಕ್ಕೆ ಬಂದರೆ ಈ ವಾದ ಇನ್ನೂ ಗಟ್ಟಿಯಾಗುತ್ತದೆ. ನಮ್ಮ ತೀರಕ್ಕೆ ಮೊಟ್ಟೆಯಿಡಲು ಬರುವುದು ಮುಖ್ಯವಾಗಿ ಆಲಿವ್ ರಿಡ್ಲಿ. ಒಡಿಶಾದ ಗಹಿರಮಠ, ಋಷಿಕುಲ್ಯಾಗಳಲ್ಲಿ ಇವು ಸಾವಿರಗಟ್ಟಲೆ ಒಟ್ಟಿಗೆ ದಡ ಹತ್ತುತ್ತವೆ. ನಮ್ಮಲ್ಲಿ ಒಂಟಿಯಾಗಿ ಬರುತ್ತವೆ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ರಾತ್ರಿಗಳಲ್ಲಿ ಹೆಣ್ಣಾಮೆ ಉಬ್ಬರದ ಗೆರೆಯನ್ನು ದಾಟಿ, ನೀರು ತಾಗದ ಒಣ ಮರಳಿಗೆ ಬಂದು, ಹಿಂಗಾಲಿನಿಂದ ಗುಂಡಿ ತೋಡಿ ಸುಮಾರು ನೂರು ಮೊಟ್ಟೆಗಳನ್ನಿಟ್ಟು, ಮುಚ್ಚಿ, ಕಡಲಿಗೆ ಮರಳುತ್ತದೆ. ಆರೇಳು ವಾರ ಕಳೆದ ಮೇಲೆ ಮರಿಗಳು ಹೊರಬರುತ್ತವೆ. ಮರಿ ಹೆಣ್ಣಾಗುವುದೋ ಗಂಡಾಗುವುದೋ ಎಂಬುದನ್ನು ನಿರ್ಧರಿಸುವುದು ಮರಳಿನ ಬಿಸಿ. ಆಮೆಯ ಜೀವನಕ್ಕೆ ಆ ಒಣ ಮರಳಿನ ಪಟ್ಟಿ ಅಷ್ಟು ಮುಖ್ಯ.

ಈಗ ಡೇರೆ ಹಾಕುವವರ ಕಡೆಯಿಂದ ನೋಡೋಣ. ಹುಣ್ಣಿಮೆಯ ಸಂಜೆ ಗುಂಪು ದಡ ತಲುಪಿದೆ. ನೀರು ಇಳಿದಿದೆ, ಮರಳು ಅಗಲವಾಗಿ ಹರಡಿದೆ, ಎಲ್ಲಿ ಬೇಕಾದರೂ ಡೇರೆ ಹಾಕಬಹುದು ಎನ್ನಿಸುತ್ತದೆ. ನಡುರಾತ್ರಿ ನೀರು ಏರಿ ಡೇರೆಯ ಬುಡಕ್ಕೆ ಬರುತ್ತದೆ. ಇದು ಗೊತ್ತಿದ್ದ ಅನುಭವಿಗಳು ಸಂಜೆಯೇ ಮೇಲಕ್ಕೆ ಸರಿದು, ಉಬ್ಬರದ ಗೆರೆಗೂ ಕೇದಿಗೆಯ ಪೊದೆ, ಗಾಳಿಮರಗಳ ಸಾಲಿಗೂ ನಡುವಿನ ಒಣ ಮರಳಿನಲ್ಲಿ ಗೂಟ ಹೊಡೆಯುತ್ತಾರೆ. ಆಮೆ ಹುಡುಕಿಕೊಂಡು ಬರುವುದೂ ಅದೇ ಪಟ್ಟಿಯನ್ನು. ಕಡಲ್ಕೊರೆತ ತಡೆಯಲು ಹಾಕಿದ ಕಲ್ಲಿನ ಗೋಡೆಗಳು, ರಸ್ತೆಗಳು, ರೆಸಾರ್ಟುಗಳು ಹಲವೆಡೆ ಅದನ್ನು ಈಗಾಗಲೇ ತಿಂದುಹಾಕಿವೆ. ಉಳಿದದ್ದರ ಮೇಲೆ ಹತ್ತು ಡೇರೆಗಳು ನಿಂತರೆ ಆಮೆಗೆ ಉಳಿಯುವುದು ಏನು? ಅದು ನೀರಿನಿಂದ ಮೇಲೆ ಬರುವಾಗ ಬಹಳ ಅಳುಕಿನ ಪ್ರಾಣಿ. ದೀಪ, ನೆರಳಿನ ಓಡಾಟ ಕಂಡರೆ ಮೊಟ್ಟೆಯಿಡದೆ ತಿರುಗಿ ಹೋಗುತ್ತದೆ. ಹಾಗೆ ತಿರುಗಿಹೋದದ್ದು ಡೇರೆಯೊಳಗಿನವರಿಗೆ ಗೊತ್ತೂ ಆಗುವುದಿಲ್ಲ. ಅವರು ಬೆಳಿಗ್ಗೆ ಎದ್ದು, ಆಮೆ ಬರಲೇ ಇಲ್ಲ ಎಂದುಕೊಂಡು ಮುಂದಿನ ಊರಿಗೆ ಹೊರಡುತ್ತಾರೆ.

ಮರಿಗಳ ಕಥೆ ಇನ್ನೂ ನಾಜೂಕು. ರಾತ್ರಿ ಮರಳಿನಿಂದ ಹೊರಬಂದ ಮರಿ ಬೆಳಕು ಹೆಚ್ಚಿರುವ ದಿಗಂತದತ್ತ ಹರಿದುಹೋಗುತ್ತದೆ. ಕತ್ತಲೆಯ ತೀರದಲ್ಲಿ ಆ ಬೆಳಕು ಕಡಲಿನದು. ಶಿಬಿರದ ಬೆಂಕಿ, ಡೇರೆಯ ಎಲ್‌ಇಡಿ ದೀಪ, ಸೈಕಲ್ಲಿನ ಹೆಡ್‌ಲೈಟ್ ಇದ್ದ ಕಡೆ ದಿಕ್ಕು ತಪ್ಪುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಮರಿಗೆ ಮೆತ್ತನೆಯ ಮರಳಿನಲ್ಲಿ ಮೂಡಿದ ಚಕ್ರದ ಜಾಡು, ಆಳವಾದ ಹೆಜ್ಜೆಗುಂಡಿ ಕೂಡ ದಾಟಲು ಕಷ್ಟವಾದ ಕಂದಕ. ಶಿಬಿರದ ಎಂಜಲು ನಾಯಿ, ನರಿ, ಕಾಗೆಗಳನ್ನು ಕರೆಯುತ್ತದೆ. ಅನ್ನದ ವಾಸನೆಗೆ ಬಂದ ನಾಯಿ ಮೊಟ್ಟೆಯ ವಾಸನೆಯನ್ನೂ ಹಿಡಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಆಮೆಯನ್ನು ಮೊದಲ ಅನುಸೂಚಿಯಲ್ಲಿಟ್ಟು ಕಾಪಾಡುತ್ತದೆ. ಆಮೆ ಮೊಟ್ಟೆಯಿಡುವ ತೀರ, ಕಾಂಡ್ಲಾ ಕಾಡು, ಜೀವ ತುಂಬಿದ ಕೆಸರು ಬಯಲುಗಳನ್ನು ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅತಿ ಸೂಕ್ಷ್ಮ ಪ್ರದೇಶಗಳೆಂದು ಗುರುತಿಸಿವೆ. ಕಾಯ್ದೆ ಕೈಯಲ್ಲಿ ಮೊಟ್ಟೆ ಹಿಡಿದವನನ್ನು ಹಿಡಿಯಬಲ್ಲದು; ಒಳ್ಳೆಯ ಮನಸ್ಸಿನಿಂದ ಬಂದು ದೀಪ ಹಚ್ಚಿಟ್ಟವನನ್ನು ತಡೆಯುವುದು ಯೋಜನೆ ಮಾತ್ರ.

ಐದು ದಿನ, ನಾಲ್ಕು ಅಳಿವೆ

ಹಾಗಾದರೆ ಯೋಜನೆ ಹೇಗಿರಬೇಕು? ಕಾಲದಿಂದ ಶುರುಮಾಡೋಣ. ವಲಸೆ ಹಕ್ಕಿಗಳು ಅಕ್ಟೋಬರಿನಿಂದ ಬರತೊಡಗಿ, ಮಾರ್ಚ್–ಏಪ್ರಿಲ್‌ನಲ್ಲಿ ಮರಳುತ್ತವೆ. ಆಮೆಯ ಗೂಡುಗಳು ಡಿಸೆಂಬರಿನಿಂದ ಕಾಣಸಿಗುತ್ತವೆ, ಮರಿಗಳು ಹೊರಬೀಳುವುದು ಆರೇಳು ವಾರದ ಆಚೆ. ಎರಡೂ ಕೂಡುವುದು ಜನವರಿ ಕೊನೆಯಿಂದ ಫೆಬ್ರುವರಿ ನಡುಭಾಗದವರೆಗೆ. ಆಮೇಲೆ ಸೆಕೆ ಸವಾರರನ್ನು ಹಣ್ಣು ಮಾಡುತ್ತದೆ. ಈ ತಿಂಗಳುಗಳಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ತಂಪು ಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲ ಗಾಳಿ ಬೀಸುತ್ತದೆ. ಹಾಗಾಗಿ ಉತ್ತರದಿಂದ ದಕ್ಷಿಣಕ್ಕೆ, ಅಂದರೆ ಕಾರವಾರದಿಂದ ಹೊನ್ನಾವರದ ಕಡೆಗೆ ತುಳಿದರೆ ಮಧ್ಯಾಹ್ನದ ಗಾಳಿ ಬೆನ್ನಿಗಿರುತ್ತದೆ. ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿ ರೈಲಿದೆ. ಸೈಕಲ್ಲನ್ನು ಲಗೇಜು ಬುಕ್ ಮಾಡಿ ಒಯ್ಯಬಹುದು. ಮರಳುವಾಗ ಹೊನ್ನಾವರದಲ್ಲೇ ಕೊಂಕಣ ರೈಲು ಹಿಡಿಯಬಹುದು. ಹೆದ್ದಾರಿಯಲ್ಲಿ ನೇರ ಹೋದರೆ ಈ ದೂರ ಸುಮಾರು 90 ಕಿಲೋಮೀಟರ್, ಗೋಕರ್ಣದ ಕಡೆಯ ಒಳದಾರಿಗಳನ್ನು ಸೇರಿಸಿದರೆ ನೂರು ದಾಟುತ್ತದೆ. ಗಟ್ಟಿ ಸವಾರ ಒಂದೇ ದಿನದಲ್ಲಿ ಮುಗಿಸಿಬಿಡುವ ದೂರವಿದು. ಇದಕ್ಕೆ ಐದು ದಿನ ಇಡಬೇಕು.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ನದಿಗಳು ಈ ದಾರಿಯಲ್ಲಿ ಕಡಲು ಸೇರುತ್ತವೆ. ಐದು ದಿನವೆಂದರೆ ದಿನಕ್ಕೆ 25ರಿಂದ 35 ಕಿಲೋಮೀಟರ್, ನಡುವೆ ಒಂದು ದಿನ ಪೂರ್ತಿ ಬಿಡುವು. ಮೊದಲ ದಿನ ಕಾರವಾರದಿಂದ ಅಂಕೋಲಾ. ಇಲ್ಲಿ ಹೆದ್ದಾರಿ ತಪ್ಪಿದ್ದಲ್ಲ, ಆದ್ದರಿಂದ ಲಾರಿಗಳ ಓಡಾಟ ಕಡಿಮೆಯಿರುವಾಗ, ಬೆಳಕು ಹರಿಯುತ್ತಲೇ ಹೊರಟು ಮುಗಿಸುವುದು ಕ್ಷೇಮ. ಎರಡನೆಯ ದಿನ ಗಂಗಾವಳಿ ದಾಟಿ ಗೋಕರ್ಣ, ತದಡಿಯ ಕಡೆ. ಮೂರನೆಯ ದಿನ ಸೈಕಲ್ ನಿಲ್ಲಿಸಿ ಅಘನಾಶಿನಿಯ ಒಂದು ದಂಡೆಯಲ್ಲಿ ಒಂದು ಪೂರ್ತಿ ಇಳಿತ, ಒಂದು ಪೂರ್ತಿ ಭರತ ನೋಡುವುದು. ನಾಲ್ಕನೆಯ ದಿನ ತದಡಿಯಿಂದ ತಾರಿ ದೋಣಿಯಲ್ಲಿ ಸೈಕಲ್ ಸಮೇತ ಅಘನಾಶಿನಿ ಊರಿಗೆ ದಾಟಿ, ಹಳ್ಳಿದಾರಿಗಳಲ್ಲಿ ಕುಮಟಾ. ಐದನೆಯ ದಿನ ಶರಾವತಿ ಸೇತುವೆ ದಾಟಿ ಕಾಸರಕೋಡು. ಹೀಗೆ ಹೋದವರಿಗೆ ಒಂದು ಹೋಲಿಕೆಯೂ ದಕ್ಕುತ್ತದೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರುಗಳ ಬೆರಕೆ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಅದನ್ನು ನಂಬಿ ಚಿಪ್ಪುಜೀವಿಗಳು, ಅವುಗಳನ್ನು ನಂಬಿ ಹಕ್ಕಿಗಳು ಮತ್ತು ಬಳಚು ಆರಿಸುವ ಹೆಂಗಸರು ಬದುಕುತ್ತಾರೆ. ಲಿಂಗನಮಕ್ಕಿ, ಗೇರುಸೊಪ್ಪೆಗಳಲ್ಲಿ ವಿದ್ಯುತ್ತಿಗಾಗಿ ತಡೆದ ಶರಾವತಿಗೆ ವಿದ್ಯುತ್ ತಯಾರಾದ ಮೇಲೆ ವರ್ಷವಿಡೀ ಹರಿದುಬರುವ ಸಿಹಿನೀರು ಅದರ ಅಳಿವೆಯ ಉಪ್ಪನ್ನು ತಗ್ಗಿಸಿದೆ, ಬಳಚನ್ನೂ ಕುಗ್ಗಿಸಿದೆ. ಈ ಎರಡು ಅಳಿವೆಗಳ ನಡುವೆ ಸೈಕಲ್ಲಿಗೆ ಅರ್ಧ ದಿನದ ದಾರಿ.

ಗುಂಪು ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ಉತ್ತರ ತೀರದಿಂದಲೇ ಬರಬೇಕು. ಆರರಿಂದ ಎಂಟು ಮಂದಿ ಸಾಕು. ಒಂದು ತಾರಿ ದೋಣಿಯಲ್ಲಿ ಸೈಕಲ್ ಸಮೇತ ಹಿಡಿಸುವಷ್ಟು, ಒಂದು ಮನೆಯವರು ತೊಂದರೆಯಿಲ್ಲದೆ ಊಟ ಹಾಕುವಷ್ಟು, ಒಬ್ಬರು ಕೈ ಎತ್ತಿದರೆ ಎಲ್ಲರೂ ಸುಮ್ಮನಾಗುವಷ್ಟು. ಇಪ್ಪತ್ತು ಮಂದಿಯ ಗುಂಪಿನಲ್ಲಿ ಪಿಸುಮಾತೂ ಗದ್ದಲವಾಗುತ್ತದೆ. ಹಿಂದಿನವರಿಗೆ ಕಾಣುವುದಿಲ್ಲ, ಕಾಣಬೇಕೆಂದು ಮುಂದೆ ಬರುತ್ತಾರೆ, ಹಕ್ಕಿ ಹಾರುತ್ತದೆ. ಬಳಗ ದೊಡ್ಡದಿದ್ದರೆ ಎರಡು ತಂಡ ಮಾಡಿ, ಎರಡು ಬೇರೆ ವಾರಗಳಲ್ಲಿ ಹೊರಡಿಸಬಹುದು. ಮೊದಲ ತಂಡ ಕಂಡದ್ದನ್ನು ಎರಡನೆಯ ತಂಡಕ್ಕೆ ತಿಳಿಸಿದರೆ ಒಂದು ತೀರ ತಿಂಗಳೊಳಗೆ ಹೇಗೆ ಬದಲಾಯಿತು ಎಂಬುದೂ ದಾಖಲಾಗುತ್ತದೆ.

ಇಷ್ಟೆಲ್ಲ ಮಾಡುವುದಿದ್ದರೆ ಕಾರಿನಲ್ಲೇ ಹೋಗಬಹುದಲ್ಲ, ಸೈಕಲ್ ಏಕೆ ಎಂದು ಕೇಳಬಹುದು. ಸೈಕಲ್ಲಿಗೆ ಶಬ್ದವಿಲ್ಲ, ಹೊಗೆಯಿಲ್ಲ ಎಂಬುದು ಸಾಮಾನ್ಯ ಉತ್ತರ. ಅದು ಪೂರ್ತಿ ಉತ್ತರವಲ್ಲ. ನಿಂತ ಕಾರನ್ನು ಎಷ್ಟೋ ಹಕ್ಕಿಗಳು ಲೆಕ್ಕಿಸುವುದಿಲ್ಲ. ಸೈಕಲ್ಲಿನಿಂದ ಇಳಿದು ನಡೆದುಬರುವ ಮನುಷ್ಯನ ಆಕಾರ ಕಂಡರೆ ಬೆದರುತ್ತವೆ. ಸೈಕಲ್ ಏರಿದ ಮಾತ್ರಕ್ಕೆ ಯಾರೂ ಪ್ರಕೃತಿಯ ಬಂಧುವಾಗುವುದಿಲ್ಲ. ಅದರ ನಿಜವಾದ ಗುಣ ಬೇರೆ: ಅದು ನಮ್ಮ ಆಸೆಗೆ ಮಿತಿ ಹಾಕುತ್ತದೆ. ಕಾರಿನವರು ಬೆಳಿಗ್ಗೆ ದೇವಬಾಗ, ಮಧ್ಯಾಹ್ನ ಗೋಕರ್ಣ, ಸಂಜೆ ಮುರ್ಡೇಶ್ವರ ಎಂದು ಓಡುತ್ತಾರೆ. ಎಲ್ಲಿಯೂ ನೀರು ಇಳಿಯುವವರೆಗೆ ಕಾಯುವುದಿಲ್ಲ. ಸಾಮಾನು ಹೇರಿದ ಸೈಕಲ್ ಗಂಟೆಗೆ ಹನ್ನೆರಡು ಹದಿನೈದು ಕಿಲೋಮೀಟರ್ ಹೋಗುತ್ತದೆ, ಸವಾರ ದಣಿಯುತ್ತಾನೆ, ಇದ್ದಲ್ಲೇ ಉಳಿಯುತ್ತಾನೆ. ಉಳಿದವನ ಮುಂದೆ ನೀರು ಇಳಿಯುತ್ತದೆ, ಮತ್ತೆ ಏರುತ್ತದೆ. ಆ ಗುಣವನ್ನು ಮರಳಿನ ಮೇಲೆ ಸೈಕಲ್ ಓಡಿಸಿ ಕೆಡಿಸಿಕೊಳ್ಳಬಾರದು. ಗೂಡಿನ ಮೇಲೆ ಭಾರ ಬೀಳುವುದು ಒಂದು ತೊಂದರೆಯಾದರೆ, ಉಪ್ಪು ಮರಳು ಚೈನು, ಬೇರಿಂಗುಗಳನ್ನು ತಿನ್ನುವುದು ಇನ್ನೊಂದು. ಸೈಕಲ್ಲು ರಸ್ತೆಯಲ್ಲಿ, ಸವಾರ ಕಾಲ್ನಡಿಗೆಯಲ್ಲಿ, ಅದೂ ಒದ್ದೆ ಮರಳಿನ ಮೇಲೆ, ಇದೇ ನಿಯಮ.

ಎದುರುಮಾತುಗಳು

ಮೊದಲ ಆಕ್ಷೇಪ ದುಡಿಯುವವರದು. ರಜೆ ಪಂಚಾಂಗ ಕೇಳಿ ಬರುವುದಿಲ್ಲ, ಶನಿವಾರ ಭಾನುವಾರಕ್ಕೆ ಒಂದೆರಡು ದಿನ ಸೇರಿಸಿಕೊಂಡು ಹೊರಡುವವರು ತಿಥಿ ಆರಿಸಲು ಹೇಗೆ ಸಾಧ್ಯ? ಮಾತು ನ್ಯಾಯವಾದದ್ದು. ಆದರೆ ಪಂಚಾಂಗ ನೋಡಿ ಎಂದರೆ ಒಳ್ಳೆಯ ದಿನಕ್ಕಾಗಿ ಕಾಯಿರಿ ಎಂದಲ್ಲ. ಸಿಕ್ಕ ದಿನದಲ್ಲಿ ಯಾವ ಹೊತ್ತಿಗೆ ಎಲ್ಲಿರಬೇಕು ಎಂದು ತಿಳಿಯಿರಿ ಎಂದು. ರಜೆ ಅಮಾವಾಸ್ಯೆಯ ಆಸುಪಾಸಿಗೆ ಬಂದರೆ ಬೆಳಿಗ್ಗೆ, ಸಂಜೆಯ ಇಳಿತಕ್ಕೆ ಕೆಸರು ಬಯಲಿನ ಅಂಚಿನಲ್ಲಿರಿ, ನಡುವೆ ಸೈಕಲ್ ತುಳಿಯಿರಿ. ಅಷ್ಟಮಿಗೆ ಬಂದರೆ ಬೆಳಿಗ್ಗೆ ನೀರು ಏರಿರುತ್ತದೆ, ಹಕ್ಕಿಗಳು ಸಾಣಿಕಟ್ಟೆಯ ಉಪ್ಪಿನಾಗರದಂಥ ಕಡೆ ಒತ್ತಾಗಿ ಕೂತಿರುತ್ತವೆ. ಬದು ಹತ್ತದೆ, ರಸ್ತೆಯಲ್ಲೇ ನಿಂತು ದೂರದರ್ಶಕದಲ್ಲಿ ಒಂದೊಂದೇ ಜಾತಿಯನ್ನು ಗುರುತಿಸಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಯಾವ ತಿಥಿಯೂ ಕೆಟ್ಟದ್ದಲ್ಲ. ತಿಥಿಯನ್ನು ನೋಡದೆ ಹೋಗುವುದರಿಂದ ಬರುವುದೇ ನಷ್ಟ.

ಎರಡನೆಯ ಆಕ್ಷೇಪ: ಕಡಲ ದಡದಲ್ಲಿ ಮಲಗದಿದ್ದರೆ ಅದು ಶಿಬಿರವೇ? ಅಲೆಯ ಸದ್ದು ಕೇಳುತ್ತ ನಿದ್ದೆ ಹೋಗುವ ಆಸೆಯನ್ನು ಹಗುರಾಗಿ ಕಾಣಬಾರದು. ಅನೇಕರನ್ನು ಮನೆಯಿಂದ ಹೊರಡಿಸುವುದೇ ಅದು. ಆದರೆ ಅಲೆಯ ಸದ್ದು ಅರ್ಧ ಕಿಲೋಮೀಟರ್ ಒಳಗೂ ಕೇಳುತ್ತದೆ. ಡೇರೆಯ ಬೆಳಕು ಅಲ್ಲಿಂದ ದಡ ತಲುಪುವುದಿಲ್ಲ. ಜನವರಿಯಲ್ಲಿ ಭತ್ತದ ಕೊಯ್ಲು ಮುಗಿದ ಗದ್ದೆಗಳು ಒಣಗಿ ಸಮತಟ್ಟಾಗಿರುತ್ತವೆ. ಕೆಲವೆಡೆ ಶೇಂಗಾ, ಈರುಳ್ಳಿ ಹಾಕಿರುತ್ತಾರೆ, ಆದ್ದರಿಂದ ಮನೆಯವರನ್ನು ಕೇಳಿಯೇ ಗೂಟ ಹೊಡೆಯಬೇಕು. ತೆಂಗಿನ ಮರದ ಬುಡದಲ್ಲಿ ಮಾತ್ರ ಡೇರೆ ಹಾಕಬಾರದು. ರಾತ್ರಿ ಬೀಳುವ ಕಾಯಿಗೆ ಕಣ್ಣಿಲ್ಲ. ಅಂಗಳದಲ್ಲಿ ಜಾಗ ಕೊಟ್ಟ ಮನೆಗೆ ಬಾಡಿಗೆ, ಊಟಕ್ಕೆ ಹಣ ಕೊಟ್ಟರೆ ಪ್ರವಾಸದ ದುಡ್ಡು ನೇರವಾಗಿ ಊರಿಗೆ ಸೇರುತ್ತದೆ. ದಡಕ್ಕೆ ಹೋಗುವುದು ಕತ್ತಲಾಗುವ ಮೊದಲು ಮತ್ತು ಬೆಳಕು ಹರಿದ ಮೇಲೆ. ರಾತ್ರಿ ಹೋಗಲೇಬೇಕಿದ್ದರೆ ಅರಣ್ಯ ಇಲಾಖೆಯವರ ಅನುಮತಿ ಪಡೆದು, ಅವರ ಜೊತೆಗೆ, ಕೆಂಪು ದೀಪ ಹಿಡಿದು. ಆಮೆಯ ಕಣ್ಣಿಗೆ ಕೆಂಪು ಬೆಳಕು ಅಷ್ಟಾಗಿ ತಾಗುವುದಿಲ್ಲ. ಕ್ಯಾಮೆರಾದ ಫ್ಲ್ಯಾಶ್ ಬೇಡವೇ ಬೇಡ. ಗೂಡಿರುವ ಜಾಗವನ್ನು ಫೋಟೊ ಸಮೇತ ಊರಿಗೆಲ್ಲ ಸಾರುವುದೂ ಬೇಡ.

ಮೂರನೆಯದು ನಿರಾಸೆಯ ಪ್ರಶ್ನೆ. ಇಷ್ಟು ಸಂಯಮದಿಂದ ಹೋದರೂ ಆಮೆ ಕಾಣದಿದ್ದರೆ? ಕಾಣದಿರುವ ಸಾಧ್ಯತೆಯೇ ಹೆಚ್ಚು ಎಂದು ಹೊರಡುವ ಮೊದಲೇ ಗುಂಪಿನಲ್ಲಿ ಹೇಳಿಬಿಡಬೇಕು. ಒಂಟಿಯಾಗಿ ಬರುವ ಆಮೆಯನ್ನು ಐದು ರಾತ್ರಿಗಳಲ್ಲಿ ಕಾಣುವೆನೆಂಬುದು ಹುಲಿ ಸಫಾರಿಯ ಮನಸ್ಸು. ಆ ಮನಸ್ಸೇ ದಡದಲ್ಲಿ ಟಾರ್ಚು ಹಿಡಿದು ಓಡಾಡಿಸುವುದು. ಆದರೆ ಮುಂಜಾನೆ ಉಬ್ಬರದ ಗೆರೆಯ ಗುಂಟ ನಡೆದವರಿಗೆ ಅದು ಬಂದುಹೋದ ಗುರುತು ಕಾಣಬಹುದು: ಕಡಲಿನಿಂದ ಮೇಲೆ ಒಂದು ಸಾಲು, ಮೇಲಿನಿಂದ ಕಡಲಿಗೆ ಒಂದು ಸಾಲು, ನಡುವೆ ಕೆದರಿ ಮುಚ್ಚಿದ ಮರಳು. ಅದನ್ನು ಮುಟ್ಟದೆ, ತುಳಿಯದೆ ಅರಣ್ಯ ಇಲಾಖೆಗೆ ತಿಳಿಸಿದರೆ ಆ ಗೂಡಿಗೆ ಬಲೆಯ ಬೇಲಿ ಬೀಳುತ್ತದೆ, ಕಾವಲು ಸಿಗುತ್ತದೆ. ನೋಡಲು ಬಂದವರು ಒಂದು ಗೂಡು ಉಳಿಸಿ ಹೋದಂತಾಗುತ್ತದೆ. ಇಲಾಖೆ ಕಾಪಾಡಿದ ಗೂಡುಗಳಿಂದ ಮರಿಗಳನ್ನು ಕಡಲಿಗೆ ಬಿಡುವ ದಿನ ಹೊಂದಿಬಂದರೆ, ದೂರ ನಿಂತು ಅದನ್ನೂ ನೋಡಬಹುದು.

ನಾಲ್ಕನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ನಿಜವಾದ ಕಾಳಜಿಯಿದ್ದರೆ ಹೋಗದಿರುವುದೇ ಒಳ್ಳೆಯದಲ್ಲವೇ? ಯಾರೂ ಬಾರದ ತೀರವೇ ಆಮೆಗೆ ಹಿತ. ಈ ಮಾತಿನಲ್ಲಿ ಸತ್ಯವಿದೆ. ಗೂಡು ಒತ್ತಾಗಿರುವ ತುಣುಕು ತೀರಗಳಿಗೆ, ಹಕ್ಕಿಗಳು ರಾತ್ರಿ ಕೂರುವ ದಿಬ್ಬಗಳಿಗೆ ಯಾರೂ ಹೋಗಬಾರದು. ಆದರೆ ನಮ್ಮ ಕರಾವಳಿಯ ಬಗ್ಗೆ ತೀರ್ಮಾನಗಳು ಆಗುವುದು ತೀರದಿಂದ ದೂರದ ಊರುಗಳಲ್ಲಿ. ಇದೇ ತದಡಿಯಲ್ಲಿ ಒಮ್ಮೆ 4,000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಿತ್ತು. ಕಾಗದದ ಮೇಲೆ ಅಳಿವೆಯೆಂದರೆ ಉಪ್ಪುನೀರು ಹತ್ತಿದ ಪಾಳು ಜಾಗ. ಅಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವವರು, ಮೀನು ಹಿಡಿಯುವವರು, ಬಳಚು ಆರಿಸುವವರು ಇದ್ದಾರೆ, ಆ ಕೆಸರಿನಲ್ಲಿ ಇಂತಿಂಥ ಜೀವಿಗಳಿವೆ ಎಂದು ಊರಿನವರೂ ವಿಜ್ಞಾನಿಗಳೂ ಎತ್ತಿ ಹೇಳಿದರು, ವಿರೋಧಿಸಿದರು. ಸ್ಥಾವರ ಬರಲಿಲ್ಲ. ಅದೇ ಅಳಿವೆ ಇಂದು ರಾಮ್‌ಸಾರ್ ಪಟ್ಟಿಯಲ್ಲಿದೆ. ಕಾಸರಕೋಡು ಟೊಂಕದಲ್ಲಿ ಬಂದರು ಯೋಜನೆಯನ್ನು ಎದುರಿಸಿದ ಮೀನುಗಾರರು ತಮ್ಮ ಬದುಕಿನ ಜೊತೆಗೆ ಕಡಲಾಮೆಯ ಗೂಡುಗಳನ್ನೂ ಮುಂದಿಟ್ಟರು. ಇಂಥ ಹೊತ್ತಿನಲ್ಲಿ ಆ ಕೆಸರನ್ನು, ಆ ಮರಳನ್ನು ಕಣ್ಣಾರೆ ಕಂಡ ಸಾವಿರ ಮಂದಿ ನಗರಗಳಲ್ಲಿ ಇರುವುದು ತೀರಕ್ಕೆ ಲಾಭ. ಆ ಲಾಭ ನಾವು ಮಾಡುವ ಹಾನಿಗಿಂತ ಹೆಚ್ಚಾಗಿದ್ದರೆ ಮಾತ್ರ ಹೋಗುವುದಕ್ಕೆ ಅರ್ಥ.

ಹಾಗೆ ಹೋಗುವವರು ಇನ್ನೊಂದು ಮಾತು ನೆನಪಿಡಬೇಕು. ಗೂಡು ಎಲ್ಲಿದೆ ಎಂದು ಮೊದಲು ತಿಳಿಯುವುದು ನಸುಕಿನಲ್ಲಿ ದಡಕ್ಕೆ ಬರುವ ಮೀನುಗಾರರಿಗೆ. ಒಂದು ಕಾಲದಲ್ಲಿ ಮೊಟ್ಟೆಗಳು ಅಡುಗೆಮನೆಗೆ ಹೋಗುತ್ತಿದ್ದ ತೀರಗಳಲ್ಲಿ ಇಂದು ಅದೇ ಊರಿನವರು ಗೂಡು ತೋರಿಸುತ್ತಾರೆ, ಕಾಯುತ್ತಾರೆ. ತೋರಿಸಿದವರಿಗೆ ಇಲಾಖೆ ಪ್ರೋತ್ಸಾಹಧನ ಕೊಡುವುದೂ ಉಂಟು. ಹೊರಗಿನಿಂದ ಬಂದ ಗುಂಪು ಇವರಿಗೆ ಸಂರಕ್ಷಣೆಯ ಪಾಠ ಹೇಳಬೇಕಾಗಿಲ್ಲ. ಬರುವ ಮೊದಲೇ ವಲಯ ಅರಣ್ಯಾಧಿಕಾರಿಯ ಕಚೇರಿಗೆ, ಗ್ರಾಮ ಪಂಚಾಯಿತಿಗೆ ವಿಷಯ ತಿಳಿಸಿ, ಬಂದ ಮೇಲೆ ಊರಿನವರೊಬ್ಬರನ್ನು ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡರೆ, ಹೋಗಬಾರದ ಜಾಗಗಳ ಪಟ್ಟಿ ತಾನಾಗಿ ಸಿಗುತ್ತದೆ. ಬಳಚು ಆರಿಸುವ ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ಕೆಲಸದಲ್ಲಿರುವಾಗ ಕೇಳದೆ ಫೋಟೊ ತೆಗೆಯಬಾರದು. ಇಳಿತದ ಹೊತ್ತು ಅವರಿಗೂ ಅನ್ನದ ಹೊತ್ತು.

ಕೊನೆಗೆ, ಯೋಜನೆಯ ಕಾಗದ ಹೇಗಿರಬೇಕು ಎಂದು ಹೇಳಿ ಮುಗಿಸಬಹುದು. ಎಡಗಡೆ ತಾರೀಖು, ಪಕ್ಕದಲ್ಲಿ ತಿಥಿ, ಅದರ ಪಕ್ಕದಲ್ಲಿ ಅಂದಿನ ಎರಡು ಭರತ, ಎರಡು ಇಳಿತದ ಹೊತ್ತು. ಮುಂದಿನ ಅಂಕಣದಲ್ಲಿ ಆ ಹೊತ್ತಿಗೆ ಎಲ್ಲಿ ಕೂತಿರಬೇಕು ಎಂಬುದು. ಸೈಕಲ್ ತುಳಿಯುವ ದೂರ ಎಲ್ಲಕ್ಕಿಂತ ಬಲಗಡೆ, ಉಳಿದ ಹೊತ್ತಿನಲ್ಲಿ ಹಿಡಿಸುವಷ್ಟು. ಈ ಕಾಗದ ಹಿಡಿದು ಹೊರಟ ಗುಂಪಿನ ಡೇರೆಗಳು ಹುಣ್ಣಿಮೆಯ ರಾತ್ರಿ ಕೊಯ್ದ ಗದ್ದೆಯಲ್ಲಿರುತ್ತವೆ, ದೀಪಗಳು ಆರಿರುತ್ತವೆ. ನಡುರಾತ್ರಿ ನೀರು ಏರಿ ನಿಂತಾಗ ಅದರ ಮೇಲಿನ ಒಣ ಮರಳು ಖಾಲಿಯಿರುತ್ತದೆ. ಆ ರಾತ್ರಿ ಆಮೆ ಬರಬಹುದು, ಬಾರದಿರಬಹುದು. ಬಂದರೆ ಅದಕ್ಕೆ ಜಾಗವಿರುತ್ತದೆ.